ನಂಬಿಕೆಯ ಆರ್‌ವಿ ಆರಿಸುವುದು ಹೇಗೆ: ಚಾವಣಿಯಿಂದ ಟೈರ್‌ವರೆಗೆ ಸಮಗ್ರ ಮಾರ್ಗದರ್ಶಿ

ಆರ್‌ವಿ ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ಮನೆಯಂಥ ಗಾಡಿ. ಅದನ್ನು ನೋಡಲು ಹೋದವರು ಮೊದಲು ಒಳಗೆ ಹತ್ತುತ್ತಾರೆ. ಅಡುಗೆ ಕಟ್ಟೆ ನೋಡುತ್ತಾರೆ, ಹಾಸಿಗೆ ಒತ್ತುತ್ತಾರೆ, ದೀಪ ಹಚ್ಚಿ ಆರಿಸುತ್ತಾರೆ. ಮಾರುವವರಿಗೂ ಅಲ್ಲಿ ನಿಂತು ಮಾತಾಡುವುದೇ ಇಷ್ಟ. ಆದರೆ ಹತ್ತು ವರ್ಷ ಆದಮೇಲೂ ಗಾಡಿ ಗಟ್ಟಿಯಾಗಿ ಇರುತ್ತದೋ ಇಲ್ಲವೋ ಅನ್ನುವುದು ಅಲ್ಲಿ ಗೊತ್ತಾಗುವುದಿಲ್ಲ. ಅದು ತಿಳಿಯುವುದು ಚಾವಣಿಯ ಮೇಲೆ, ಗಾಡಿಯ ಕೆಳಗೆ, ಮತ್ತು ಬಾಗಿಲ ಪಕ್ಕ ಅಂಟಿಸಿರುವ ತೂಕದ ಚೀಟಿಯಲ್ಲಿ.

ನಾನು ಯಾವ ಆರ್‌ವಿ ನೋಡಿದರೂ ಮೂರು ಪ್ರಶ್ನೆ ಇಟ್ಟುಕೊಂಡೇ ನೋಡುತ್ತೇನೆ. ಒಳಗೆ ಎಲ್ಲಾದರೂ ನೀರು ಇಳಿದಿದೆಯೇ? ನಾವು ಹೇರುವ ಭಾರವನ್ನು ಇದರ ತಳ ಹೊರುತ್ತದೆಯೇ? ಕೆಟ್ಟು ನಿಂತರೆ ಬಿಡಿಭಾಗವೂ ಮೆಕ್ಯಾನಿಕ್ಕೂ ಸಿಗುತ್ತಾರೆಯೇ? ಇದೇ ಕ್ರಮದಲ್ಲಿ ನೋಡಿ. ಫ್ರಿಜ್, ಟಿವಿ, ಸೋಫಾ ಎಲ್ಲ ಆಮೇಲೆ.

ಬರೀ ಕಂಪನಿಯ ಹೆಸರು ನೋಡಿ ಕೊಳ್ಳುವವರಿಗೆ ಒಂದು ಮಾತು ಹೇಳಬೇಕು. ಆರ್‌ವಿ ಕಂಪನಿಗಳು ಒಳಗಿನ ಹೆಚ್ಚಿನ ಸಾಮಾನನ್ನು ತಾವೇ ಮಾಡುವುದಿಲ್ಲ. ಫ್ರಿಜ್, ಹೀಟರ್, ಟಾಯ್ಲೆಟ್, ಆಕ್ಸಲ್, ಕಿಟಕಿ ಎಲ್ಲವೂ ಡೊಮೆಟಿಕ್, ಥೆಟ್‌ಫೋರ್ಡ್, ಟ್ರೂಮಾ, ಲಿಪ್ಪರ್ಟ್‌ನಂಥ ಕೆಲವೇ ಪೂರೈಕೆದಾರರಿಂದ ಬರುತ್ತವೆ. ಹಾಗಾಗಿ ಸಾಧಾರಣ ಗಾಡಿಯಲ್ಲೂ ದುಬಾರಿ ಗಾಡಿಯಲ್ಲೂ ಒಂದೇ ಫ್ರಿಜ್ ಇರಬಹುದು. ವ್ಯತ್ಯಾಸ ಇರುವುದು ಮನೆ ಭಾಗದ ಪೆಟ್ಟಿಗೆ ಕಟ್ಟಿದ ರೀತಿಯಲ್ಲಿ, ಜಂಟಿಗಳನ್ನು ಮುಚ್ಚಿದ ಶ್ರದ್ಧೆಯಲ್ಲಿ, ಮತ್ತು ಹಿಂದಿನ ಮಾಲೀಕರು ನೋಡಿಕೊಂಡ ಬಗೆಯಲ್ಲಿ.

ಹಂತ 1: ನಿಮ್ಮ ಬಳಕೆ ಏನು ಅಂತ ಬರೆದಿಡಿ

ಗಾಡಿ ನೋಡಲು ಹೊರಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಜನ ಮಲಗಬೇಕು? ಓಡುವಾಗ ಎಷ್ಟು ಜನಕ್ಕೆ ಸೀಟ್ ಬೆಲ್ಟ್ ಬೇಕು? ಇವೆರಡೂ ಬೇರೆ ಬೇರೆ ಲೆಕ್ಕ. ಆರು ಜನ ಮಲಗಬಹುದು ಅನ್ನುವ ಗಾಡಿಯಲ್ಲಿ ನಾಲ್ಕೇ ಬೆಲ್ಟ್ ಇರುವುದು ಮಾಮೂಲು. ಕರೆಂಟ್ ಮತ್ತು ನೀರಿನ ಸೌಕರ್ಯ ಇರುವ ಕ್ಯಾಂಪ್ ಜಾಗಗಳಲ್ಲೇ ಉಳಿಯುತ್ತೀರೋ, ಏನೂ ಇಲ್ಲದ ಕಡೆ ನಿಲ್ಲಿಸುತ್ತೀರೋ? ಹಿಮ ಬೀಳುವ ಚಳಿಯಲ್ಲಿ ಹೋಗುತ್ತೀರೋ? ಮನೆಗೆ ಬಂದಮೇಲೆ ಗಾಡಿ ಎಲ್ಲಿ ನಿಲ್ಲುತ್ತದೆ? ಅದರ ಮೇಲೆ ಸೂರು ಇದೆಯೇ?

ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಬಿಸಿಲು ಮಳೆಯಲ್ಲಿ ನಿಂತ ಗಾಡಿಗೂ ಸೂರಿನಡಿ ನಿಂತ ಗಾಡಿಗೂ ಕೆಲವು ವರ್ಷಗಳಲ್ಲೇ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುತ್ತದೆ.

ಆಮೇಲೆ, ಮನಸ್ಸಿನಲ್ಲಿರುವ ಬಗೆಯ ಗಾಡಿಯನ್ನೇ ಕೆಲವು ದಿನ ಬಾಡಿಗೆಗೆ ತೆಗೆದುಕೊಳ್ಳಿ. ಮಳೆ ಬರುವ ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಎಲ್ಲರೂ ಒಳಗೇ ಕೂತಾಗ ಯಾವ ಅಳತೆ ಸಾಕು, ಯಾವುದು ಜಾಸ್ತಿ ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಹಂತ 2: ಎಂಜಿನ್ ಇರುವುದೋ, ಎಳೆಯುವುದೋ

ಆರ್‌ವಿಗಳಲ್ಲಿ ಎರಡು ದೊಡ್ಡ ಗುಂಪು. ತಾನೇ ಓಡುವ ಮೋಟಾರ್‌ಹೋಮ್ ಒಂದು, ಬೇರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರೈಲರ್ ಅಥವಾ ಕ್ಯಾರವಾನ್ ಇನ್ನೊಂದು.

ಉತ್ತರ ಅಮೆರಿಕದಲ್ಲಿ ಮೋಟಾರ್‌ಹೋಮ್‌ಗಳನ್ನು ಮೂರು ಕ್ಲಾಸ್ ಮಾಡುತ್ತಾರೆ. ಬಸ್ಸಿನಷ್ಟು ದೊಡ್ಡದು ಕ್ಲಾಸ್ ಎ. ವ್ಯಾನಿನ ಒಳಗೇ ಮನೆ ಮಾಡಿದ್ದು ಕ್ಲಾಸ್ ಬಿ, ಅಂದರೆ ಕ್ಯಾಂಪರ್ ವ್ಯಾನ್. ವ್ಯಾನಿನ ಮುಂಭಾಗ ಉಳಿಸಿಕೊಂಡು ಹಿಂದೆ ಅಗಲವಾದ ಪೆಟ್ಟಿಗೆ ಕಟ್ಟಿದ್ದು ಕ್ಲಾಸ್ ಸಿ. ಚಾಲಕರ ತಲೆಯ ಮೇಲೆ ಹಾಸಿಗೆ ಇರುವುದು ಹೆಚ್ಚಾಗಿ ಇದರಲ್ಲೇ. ಎಳೆಯುವ ಗುಂಪಿನಲ್ಲಿ ಹನಿಯ ಆಕಾರದ ಸಣ್ಣ ಟಿಯರ್‌ಡ್ರಾಪ್‌ನಿಂದ ಹಿಡಿದು, ಪಿಕಪ್ ಟ್ರಕ್ಕಿನ ತೊಟ್ಟಿಯೊಳಗೆ ಕೊಂಡಿ ಹಾಕುವ ಫಿಫ್ತ್ ವೀಲ್‌ವರೆಗೆ ಎಲ್ಲ ಅಳತೆಯವೂ ಇವೆ.

ಕೆಟ್ಟುಹೋಗುವ ಭಾಗಗಳು ಕಡಿಮೆ ಇರಬೇಕು ಅಂದರೆ ಸಣ್ಣ ಟ್ರೈಲರ್ ಒಳ್ಳೆಯದು. ಅದಕ್ಕೆ ಎಂಜಿನ್ ಇಲ್ಲ, ಗೇರ್ ಬಾಕ್ಸ್ ಇಲ್ಲ. ಎಳೆಯುವ ಗಾಡಿ ಕೆಟ್ಟರೂ ಮನೆ ಗ್ಯಾರೇಜಿಗೆ ಹೋಗುವುದಿಲ್ಲ. ಮೋಟಾರ್‌ಹೋಮ್ ಕೆಟ್ಟರೆ ಮನೆಯೂ ಗ್ಯಾರೇಜಿನಲ್ಲೇ ಉಳಿಯುತ್ತದೆ. ಬದಲಿಗೆ ಮೋಟಾರ್‌ಹೋಮ್‌ನಲ್ಲಿ ಕೊಂಡಿ ಹಾಕುವ ಕೆಲಸವಿಲ್ಲ, ಎಲ್ಲಿ ಬೇಕಾದರೂ ನಿಲ್ಲಿಸಿ ಒಳಗೆ ಹೋಗಬಹುದು. ದಿನಕ್ಕೊಂದು ಊರು ಅನ್ನುವವರಿಗೆ ಅದು ಸರಿ. ಒಂದೇ ಕಡೆ ವಾರಗಟ್ಟಲೆ ಇರುವವರಿಗೆ ಟ್ರೈಲರ್ ಸರಿ.

ಮೋಟಾರ್‌ಹೋಮ್ ಆರಿಸುವಾಗ ಯಾವ ಚಾಸಿ (ಎಂಜಿನ್, ಚಕ್ರ ಇರುವ ತಳ) ಮೇಲೆ ಕಟ್ಟಿದ್ದಾರೆ ಅಂತ ಮೊದಲು ಕೇಳಿ. ಫಿಯೆಟ್ ಡುಕಾಟೊ, ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್ ಇವೆಲ್ಲ ಸರಕು ಸಾಗಿಸುವ ವ್ಯಾನುಗಳಾಗಿ ಲಕ್ಷಾಂತರ ಓಡುತ್ತಿವೆ. ಅವುಗಳ ಬಿಡಿಭಾಗ, ಕೆಲಸ ಗೊತ್ತಿರುವ ಮೆಕ್ಯಾನಿಕ್ ಸಿಗುವುದು ಸುಲಭ. ಆದರೆ ನೀವು ಓಡಾಡುವ ಕಡೆ ಆ ಚಾಸಿಗೆ ಸರ್ವಿಸ್ ಸೆಂಟರ್ ಇದೆಯೇ, ಅವರು ಮೋಟಾರ್‌ಹೋಮ್‌ನಷ್ಟು ಎತ್ತರದ ಗಾಡಿ ಒಳಗೆ ಬಿಟ್ಟುಕೊಳ್ಳುತ್ತಾರೆಯೇ ಅಂತ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ವ್ಯಾನ್ ರಿಪೇರಿ ಮಾಡುತ್ತೇವೆ, ಆರ್‌ವಿ ಮಾಡುವುದಿಲ್ಲ ಅನ್ನುವ ಗ್ಯಾರೇಜುಗಳು ಬೇಕಾದಷ್ಟಿವೆ.

ಹಂತ 3: ಪೆಟ್ಟಿಗೆ ಹೇಗೆ ಕಟ್ಟಿದ್ದಾರೆ ನೋಡಿ

ಹಳೆಯ ವಿಧಾನ ಅಂದರೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು. ನೋಡಲು ಅಷ್ಟು ಅಂದವಿಲ್ಲ. ಆದರೆ ಒಂದು ಕಡೆ ಕೆಟ್ಟರೆ ಅಲ್ಲಿನ ತಗಡು ಬಿಚ್ಚಿ, ಕೊಳೆತ ಮರ ಬದಲಿಸಿ, ಮತ್ತೆ ಮುಚ್ಚಬಹುದು. ಕಷ್ಟ ಏನೆಂದರೆ ಒಳಗೆ ಇಳಿದ ನೀರು ಬಹಳ ದಿನ ಹೊರಗೆ ಕಾಣುವುದಿಲ್ಲ.

ಈಗ ಜಾಸ್ತಿ ಬರುತ್ತಿರುವುದು ಪದರ ಪದರವಾಗಿ ಅಂಟಿಸಿದ ಗೋಡೆ. ಹೊರಗೆ ನುಣುಪಾದ ಫೈಬರ್‌ಗ್ಲಾಸ್, ನಡುವೆ ಫೋಮ್, ಒಳಗೆ ತೆಳು ಪ್ಲೈವುಡ್. ಹಗುರ, ಚಳಿ ತಡೆಯುತ್ತದೆ. ಆದರೆ ಒಮ್ಮೆ ನೀರು ಹೋದರೆ ಅಂಟು ಬಿಟ್ಟುಕೊಂಡು ಗೋಡೆ ಗುಳ್ಳೆಯಂತೆ ಉಬ್ಬುತ್ತದೆ. ಇದನ್ನು ಡಿಲ್ಯಾಮಿನೇಷನ್ ಅನ್ನುತ್ತಾರೆ. ಇದರ ರಿಪೇರಿ ಬಲು ದುಬಾರಿ, ಹಳೆಯ ಗಾಡಿಗೆ ಎಷ್ಟೋ ಸಲ ಗಾಡಿಯ ಬೆಲೆಗೇ ಹತ್ತಿರ ಬರುತ್ತದೆ. ಕೆಲವು ಕಂಪನಿಗಳು ಪ್ಲೈವುಡ್ ಬದಲು ಅಜ್‌ಡೆಲ್‌ನಂಥ ಮರವಿಲ್ಲದ ಹಾಳೆ ಬಳಸುತ್ತವೆ. ಅದು ಕೊಳೆಯುವುದಿಲ್ಲ. ಎರಡು ಗಾಡಿ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ನಾನು ಇಂಥದ್ದನ್ನೇ ಆರಿಸಿ ಅನ್ನುತ್ತೇನೆ.

ಮೂರನೆಯದು ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್‌ಗ್ಲಾಸ್. ಮೇಲಿನ ಚಿಪ್ಪು, ಕೆಳಗಿನ ಚಿಪ್ಪು, ಎರಡನ್ನೂ ನಡುವೆ ಸೇರಿಸಿರುತ್ತಾರೆ. ಜಂಟಿಗಳು ತೀರಾ ಕಡಿಮೆ, ಅದಕ್ಕೆ ಸೋರಿಕೆಯೂ ಕಡಿಮೆ. 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಶುರುವಾದ ಬೋಲರ್ ಟ್ರೈಲರ್ ಈ ಬಗೆಯದು. ಆ ಕಾಲದವು ಇಂದಿಗೂ ರಸ್ತೆಯಲ್ಲಿವೆ. ಇವು ಸಣ್ಣವು, ಹಳೆಯದಾದರೂ ಬೆಲೆ ಹೆಚ್ಚು ಇಳಿಯುವುದಿಲ್ಲ. ಇಬ್ಬರೇ ಇರುವವರಿಗೆ ಇದಕ್ಕಿಂತ ನೆಮ್ಮದಿಯ ಆಯ್ಕೆ ಕಷ್ಟ.

ಏರ್‌ಸ್ಟ್ರೀಮ್‌ನಂಥ ರಿವೆಟ್ ಹೊಡೆದ ಅಲ್ಯೂಮಿನಿಯಂ ಗಾಡಿಗಳ ಹೊರಮೈ ದಶಕಗಟ್ಟಲೆ ಬಾಳುತ್ತದೆ. ಆದರೆ ಹಳೆಯವುಗಳ ನೆಲ ಪ್ಲೈವುಡ್. ಹಿಂಭಾಗದ ನೆಲದಂಚು ಕೊಳೆತಿರುತ್ತದೆ, ಅಲ್ಲಿ ಒತ್ತಿ ನೋಡಲೇಬೇಕು. ಕ್ಯಾಂಪರ್ ವ್ಯಾನಿನ ಮೈ ಕಾರ್ಖಾನೆಯಿಂದ ಬಂದ ಉಕ್ಕು, ಸೋರುವುದು ಅಪರೂಪ. ಅಲ್ಲಿ ನೋಡಬೇಕಾದ್ದು ಕಿಟಕಿ, ಫ್ಯಾನು ಕೂರಿಸಲು ಆಮೇಲೆ ಕೊರೆದ ತೂತುಗಳ ಅಂಚನ್ನು. ಕೊರೆದ ಅಂಚಿಗೆ ಬಣ್ಣ ಹಚ್ಚದೆ ಬಿಟ್ಟಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಗೋಡೆ ಹೊರಕ್ಕೆ ಜಾರಿ ಜಾಗ ದೊಡ್ಡದಾಗುವ ಸ್ಲೈಡ್‌ಔಟ್ ಎಲ್ಲರಿಗೂ ಇಷ್ಟ. ಆದರೆ ಗೋಡೆಯಲ್ಲಿ ದೊಡ್ಡ ತೂತು ಕೊರೆದು, ಅದಕ್ಕೆ ರಬ್ಬರ್ ಪಟ್ಟಿ ಕಟ್ಟಿ, ಮೋಟಾರಿನಿಂದ ಆಡಿಸುವುದು ಅದು. ನಂಬಿಕೆಯೇ ಮುಖ್ಯ ಅಂದರೆ ಸ್ಲೈಡ್ ಇಲ್ಲದ್ದು, ಹೆಚ್ಚೆಂದರೆ ಒಂದು ಇರುವುದು ಸಾಕು. ಅದನ್ನು ಪೂರ್ತಿ ಮುಚ್ಚಿದಾಗಲೂ ಹಾಸಿಗೆ ಮತ್ತು ಟಾಯ್ಲೆಟ್ ತಲುಪಲು ಆಗಬೇಕು. ದಾರಿಯಲ್ಲಿ ಮೋಟಾರ್ ಕೈಕೊಟ್ಟ ದಿನ ಇದರ ಬೆಲೆ ತಿಳಿಯುತ್ತದೆ.

ಹಂತ 4: ತೂಕದ ಲೆಕ್ಕ ಕಾಗದದ ಮೇಲೆ ಹಾಕಿ

ಪ್ರತಿ ಗಾಡಿಗೂ ಒಟ್ಟು ತೂಕದ ಮಿತಿ ಇರುತ್ತದೆ. ಖಾಲಿ ಗಾಡಿಯ ತೂಕವನ್ನು ಅದರಿಂದ ಕಳೆದರೆ ಉಳಿದದ್ದು ನೀವು ಹೇರಬಹುದಾದ ಭಾರ. ಇಷ್ಟೇ ಲೆಕ್ಕ. ಆದರೂ ಮಿತಿ ಮೀರಿ ಓಡುವ ಆರ್‌ವಿಗಳು ಲೆಕ್ಕವಿಲ್ಲದಷ್ಟಿವೆ. ಟೈರ್ ಒಡೆಯುವುದು, ಆಕ್ಸಲ್ ಬಾಗುವುದು, ಬ್ರೇಕ್ ಸಾಲದಿರುವುದು, ಇವುಗಳ ಹಿಂದೆ ಎಷ್ಟೋ ಸಲ ಇರುವುದು ಅತಿ ಭಾರವೇ.

ಒಂದು ಉದಾಹರಣೆ ನೋಡೋಣ. ಯುರೋಪಿನಲ್ಲಿ ಸಾಮಾನ್ಯ ಕಾರ್ ಲೈಸೆನ್ಸಿಗೆ ಬಹುಕಾಲದಿಂದ ಇರುವ ಮಿತಿ 3,500 ಕೆ.ಜಿ. ಅದಕ್ಕೇ ಅನೇಕ ಮೋಟಾರ್‌ಹೋಮ್‌ಗಳನ್ನು ಸರಿಯಾಗಿ ಆ ಮಿತಿಗೆ ಕಟ್ಟುತ್ತಾರೆ. ಗಾಡಿಯ ತೂಕ ಚಾಲಕರನ್ನೂ ಸೇರಿಸಿ 3,050 ಕೆ.ಜಿ. ಅಂದುಕೊಳ್ಳಿ. ಉಳಿದದ್ದು 450. ಇನ್ನು ಮೂವರು ಹತ್ತಿದರೆ ತಲಾ 75ರಂತೆ 225 ಹೋಯಿತು. ನೀರು ಒಂದು ಲೀಟರಿಗೆ ಒಂದು ಕೆ.ಜಿ., 100 ಲೀಟರ್ ತುಂಬಿದರೆ ಇನ್ನು 100 ಹೋಯಿತು. ಎರಡು ಸೈಕಲ್ಲು, ಅದರ ಸ್ಟ್ಯಾಂಡು ಸೇರಿ 45. ಉಳಿದದ್ದು 80 ಕೆ.ಜಿ. ಅಷ್ಟರಲ್ಲಿ ನಾಲ್ಕು ಜನರ ಬಟ್ಟೆ, ಹೊದಿಕೆ, ಪಾತ್ರೆ, ಆಹಾರ, ಕುರ್ಚಿ, ಮೇಜು ಎಲ್ಲ ಬರಬೇಕು. ಬರುತ್ತದಾ? ಜೊತೆಗೆ ಸೋಲಾರ್ ಪ್ಯಾನೆಲ್, ಇನ್ನೊಂದು ಬ್ಯಾಟರಿ, ನೆರಳಿನ ಚಪ್ಪರ ಆಮೇಲೆ ಕೂರಿಸಿದ್ದರೆ ಅವೂ ಇದರಲ್ಲೇ ಕಳೆಯಬೇಕು.

ಬ್ರೋಷರಿನ ತೂಕದಲ್ಲಿ ಕೆಲವು ಕಂಪನಿಗಳು ನೀರಿನ ಟ್ಯಾಂಕನ್ನು ಪೂರ್ತಿ ಲೆಕ್ಕ ಹಿಡಿಯುವುದಿಲ್ಲ, 20 ಲೀಟರ್ ಅಷ್ಟೇ ಹಿಡಿದಿರುತ್ತವೆ. ಸಣ್ಣಕ್ಷರ ಓದಿ. ಅದಕ್ಕಿಂತ ಒಳ್ಳೆಯದು ಆ ಗಾಡಿಯನ್ನೇ ವೇಬ್ರಿಡ್ಜಿಗೆ ಒಯ್ದು ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಗಿಸುವುದು. ಒಟ್ಟು ತೂಕ ಮಿತಿಯೊಳಗಿದ್ದು ಹಿಂದಿನ ಆಕ್ಸಲ್ ಮಾತ್ರ ಮೀರಿರುವುದು ಉಂಟು.

ಎಳೆಯುವ ಗಾಡಿಗೆ ಇನ್ನೊಂದು ಲೆಕ್ಕ ಇದೆ. ಟ್ರೈಲರ್ ತನ್ನ ತೂಕದ ಒಂದು ಪಾಲನ್ನು ಕೊಂಡಿಯ ಮೇಲೆ ಒತ್ತುತ್ತದೆ. ಉತ್ತರ ಅಮೆರಿಕದ ಟ್ರೈಲರ್‌ಗಳಲ್ಲಿ ಅದು 10ರಿಂದ 15 ಶೇಕಡಾ ಇರಬೇಕು. ಯುರೋಪಿನ ಕ್ಯಾರವಾನ್‌ಗಳಲ್ಲಿ 5ರಿಂದ 7 ಶೇಕಡಾ ಸಾಮಾನ್ಯ. ಇದಕ್ಕಿಂತ ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. 3,000 ಕೆ.ಜಿ. ಟ್ರೈಲರ್ ಅಂದರೆ 300ರಿಂದ 450 ಕೆ.ಜಿ. ಎಳೆಯುವ ಗಾಡಿಯ ಬೆನ್ನ ಮೇಲೆ. ಆ ಗಾಡಿ ಹೊರಬಲ್ಲದ್ದು 600 ಕೆ.ಜಿ. ಆಗಿದ್ದರೆ ಜನಕ್ಕೆ, ಸಾಮಾನಿಗೆ ಉಳಿಯುವುದು ಎಷ್ಟು ನೀವೇ ನೋಡಿ. ನಿಮ್ಮ ಗಾಡಿ 3,500 ಕೆ.ಜಿ. ಎಳೆಯುತ್ತದೆ ಅಂತ ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಎಳೆಯುವ ಮಿತಿ ಮುಟ್ಟುವ ಮೊದಲೇ ಹೊರುವ ಮಿತಿ ಮುಗಿದಿರುತ್ತದೆ.

ಹಂತ 5: ಹೊಸದೋ, ಹಳೆಯದೋ

ಹೊಸದಕ್ಕೆ ವಾರಂಟಿ ಇರುತ್ತದೆ. ಆದರೆ ಹೊಸ ಆರ್‌ವಿ ಅಂದರೆ ದೋಷವಿಲ್ಲದ್ದು ಅಂತ ತಿಳಿಯಬೇಡಿ. ಕೈಕೆಲಸ ಬಹಳ ಇರುವ ವಸ್ತು ಇದು. ಸಡಿಲ ಪೈಪು, ಸರಿಯಾಗಿ ಮುಚ್ಚದ ಜಂಟಿ, ಕೂರದ ಬಾಗಿಲು ಮೊದಲ ವರ್ಷವೇ ಹೊರಬೀಳುತ್ತವೆ. 2021ರಲ್ಲಿ ಉತ್ತರ ಅಮೆರಿಕದ ಕಾರ್ಖಾನೆಗಳಿಂದ 6 ಲಕ್ಷ ಆರ್‌ವಿಗಳು ಹೊರಬಂದವು, ಅದು ದಾಖಲೆ. ಅಷ್ಟು ಅವಸರದ ಕಾಲದಲ್ಲಿ ಕಟ್ಟಿದ ಗಾಡಿ ನೋಡುವಾಗ ಸ್ವಲ್ಪ ಜಾಸ್ತಿಯೇ ಹುಷಾರಾಗಿರಿ.

ನನ್ನ ಸಲಹೆ ಮೂರರಿಂದ ಏಳು ವರ್ಷದ, ಒಬ್ಬರೇ ಮಾಲೀಕರ ಕೈಯಲ್ಲಿದ್ದ, ಸೂರಿನಡಿ ನಿಂತಿದ್ದ ಗಾಡಿ. ಹೊಸತರ ದೋಷಗಳನ್ನು ಅವರು ಸರಿಮಾಡಿಸಿರುತ್ತಾರೆ. ಬೆಲೆಯ ದೊಡ್ಡ ಇಳಿತವೂ ಆಗಿಹೋಗಿರುತ್ತದೆ. ಸೋರುವುದಿದ್ದರೆ ಅಷ್ಟರಲ್ಲಿ ಗುರುತು ಬಿದ್ದಿರುತ್ತದೆ.

ಕಡಿಮೆ ಓಡಿದೆ ಅನ್ನುವುದು ಕಾರಿನಲ್ಲಿ ಒಳ್ಳೆಯ ಸುದ್ದಿ. ಆರ್‌ವಿಯಲ್ಲಿ ಯಾವಾಗಲೂ ಹಾಗಲ್ಲ. ವರ್ಷಗಟ್ಟಲೆ ನಿಂತೇ ಇದ್ದರೆ ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಇಂಧನ ಹಳಸುತ್ತದೆ, ಇಲಿ ವೈರು ಕಡಿಯುತ್ತದೆ. ಜನರೇಟರಿಗೂ ಇದೇ ಮಾತು. ಅದನ್ನು ತಿಂಗಳಿಗೊಮ್ಮೆಯಾದರೂ ಲೋಡ್ ಹಾಕಿ ಓಡಿಸಬೇಕು. ಹತ್ತು ವರ್ಷದ ಜನರೇಟರ್ ಬರೀ ಕೆಲವು ಗಂಟೆ ಓಡಿದೆ ಅಂದರೆ ಸಂತೋಷಪಡುವಂಥದ್ದೇನಿಲ್ಲ.

ಹಂತ 6: ಹೋಗುವ ಮೊದಲು ಫೋನ್ ಮಾಡಿ

ಮಾಲೀಕರಿಗೆ ಮೂರು ವಿನಂತಿ ಮಾಡಿ. ಫ್ರಿಜ್ಜನ್ನು ಹಿಂದಿನ ದಿನವೇ ಹಾಕಿಡಲಿ. ನೀರಿನ ಟ್ಯಾಂಕ್ ಸ್ವಲ್ಪ ತುಂಬಿಡಲಿ, ಗ್ಯಾಸ್ ಸಿಲಿಂಡರ್ ಇಡಲಿ. ನೀವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡದಿರಲಿ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದನ್ನು ನೀವೇ ನೋಡಬೇಕು.

ಗಾಡಿಯ ಗುರುತಿನ 17 ಅಕ್ಷರದ ವಿನ್ ನಂಬರ್ ಕೇಳಿ ಪಡೆಯಿರಿ. ರೀಕಾಲ್, ಅಂದರೆ ದೋಷ ಸರಿಮಾಡಲು ಕಂಪನಿಯೇ ಗಾಡಿ ವಾಪಸ್ ಕರೆದದ್ದು, ಬಾಕಿ ಇದೆಯೇ ಅಂತ ಅದರಿಂದ ನೋಡಬಹುದು. ಮೋಟಾರ್‌ಹೋಮ್‌ಗೆ ಚಾಸಿ ಮಾಡಿದವರು ಬೇರೆ, ಮನೆ ಕಟ್ಟಿದವರು ಬೇರೆ, ಆದ್ದರಿಂದ ಇಬ್ಬರ ಹತ್ತಿರವೂ ವಿಚಾರಿಸಿ. ಚಾಸಿಯ ವರ್ಷ ಗಾಡಿಯ ವರ್ಷಕ್ಕಿಂತ ಹಿಂದಿನದಿರಬಹುದು, ಅದು ಮೋಸ ಅಲ್ಲ.

ಏಣಿ, ಟಾರ್ಚು, ತೇವ ಅಳೆಯುವ ಮೀಟರ್, ಮಲ್ಟಿಮೀಟರ್, ಸೋಪಿನ ನೀರಿನ ಸ್ಪ್ರೇ ಬಾಟಲಿ, ನೆಲದ ಮೇಲೆ ಮಲಗಲು ಹಳೆಯ ಚಾಪೆ ತೆಗೆದುಕೊಂಡು ಹೋಗಿ. ಹಗಲು ಹೊತ್ತು, ಮಳೆ ಬಂದ ಮಾರನೆಯ ದಿನವಾದರೆ ಚೆನ್ನ.

ಹಂತ 7: ನೀರಿನ ಜಾಡು ಹಿಡಿಯಿರಿ

ಇದಕ್ಕೆ ಒಂದು ಗಂಟೆಯಾದರೂ ಇಡಿ. ಅರ್ಧ ದಿನ ಆದರೂ ತಪ್ಪಿಲ್ಲ.

ಬಾಗಿಲು ತೆಗೆದ ತಕ್ಷಣ ಮೂಗಿಗೆ ಏನು ಬರುತ್ತದೆ ಗಮನಿಸಿ. ಮುಗ್ಗಲು ವಾಸನೆ ಬಂದರೆ ಎಲ್ಲೋ ತೇವ ಇದೆ. ಸುಗಂಧದ ಸ್ಪ್ರೇ ವಾಸನೆ ಗಾಢವಾಗಿದ್ದರೂ ಅನುಮಾನಪಡಿ. ಎಲ್ಲ ಕಪಾಟು ತೆಗೆದು, ಸಾಮಾನು ಸರಿಸಿ, ಮೂಲೆಗೆ ಮೂಗು ಹತ್ತಿರ ಇಟ್ಟು ನೋಡಿ.

ಆಮೇಲೆ ಚಾವಣಿ. ಚಾವಣಿ ನಿಮ್ಮ ಭಾರ ತಾಳುತ್ತದೆಯೇ ಅಂತ ಮಾಲೀಕರನ್ನು ಕೇಳಿ, ಗೊತ್ತಿಲ್ಲದಿದ್ದರೆ ಏಣಿಯ ಮೇಲಿಂದಲೇ ನೋಡಿ. ಹೊದಿಕೆ ಇಪಿಡಿಎಂ ಎಂಬ ರಬ್ಬರ್, ಟಿಪಿಒ ಎಂಬ ಪ್ಲಾಸ್ಟಿಕ್ ಹಾಳೆ, ಫೈಬರ್‌ಗ್ಲಾಸ್ ಯಾವುದೇ ಇರಲಿ, ಮೈದಾನದಂಥ ಬಯಲು ಭಾಗ ಸೋರುವುದು ಕಡಿಮೆ. ಸೋರುವುದು ಅಂಚಿನಲ್ಲಿ, ಮತ್ತು ಫ್ಯಾನು, ಕಿಟಕಿ, ಆಂಟೆನಾ, ಏಸಿ ಕೂರಿಸಿದ ಕಡೆ. ಅಲ್ಲಿನ ಸೀಲಂಟ್ (ಜಂಟಿ ಮುಚ್ಚುವ ಅಂಟು) ಬಿರುಕು ಬಿಟ್ಟಿದೆಯೇ, ಅಂಚು ಎದ್ದಿದೆಯೇ? ಒಂದೊಂದು ಕಡೆ ಒಂದೊಂದು ಬಣ್ಣದ ಸೀಲಂಟ್ ಮೆತ್ತಿದ್ದರೆ ಸೋರಿಕೆಗೆ ತೇಪೆ ಹಾಕುತ್ತಲೇ ಬಂದಿದ್ದಾರೆ ಅಂತ ಅರ್ಥ. ಸಾಮಾನ್ಯ ಸಿಲಿಕೋನ್ ಬಳಿದಿದ್ದರೂ ಒಳ್ಳೆಯ ಲಕ್ಷಣ ಅಲ್ಲ. ಅದರ ಮೇಲೆ ಮುಂದೆ ಬೇರೆ ಸೀಲಂಟ್ ಹಿಡಿಯುವುದಿಲ್ಲ. ಇನ್ನು ಸೀಲಂಟನ್ನು ವರ್ಷಕ್ಕೆ ಎರಡು ಸಲ ನೋಡುತ್ತೇನೆ, ಬೇಕಾದ ಕಡೆ ಹಚ್ಚುತ್ತೇನೆ ಅನ್ನುವ ಮಾಲೀಕರು ಸಿಕ್ಕರೆ ಅವರ ಗಾಡಿಯನ್ನು ಗಂಭೀರವಾಗಿ ನೋಡಿ.

ಕೆಳಗಿಳಿದು ಹೊರಗೋಡೆಯ ಪಕ್ಕಕ್ಕೆ ಕಣ್ಣಿಟ್ಟು ಉದ್ದಕ್ಕೂ ಓರೆಯಾಗಿ ನೋಡಿ. ಬೆಳಕು ಅಲೆಯಂತೆ ಕಂಡರೆ, ಎಲ್ಲಾದರೂ ಉಬ್ಬಿದ್ದರೆ ಪದರ ಬಿಟ್ಟಿದೆ. ಅಲ್ಲಿ ಬೆರಳಿನಿಂದ ತಟ್ಟಿ, ಚೆನ್ನಾಗಿರುವ ಕಡೆಯೂ ತಟ್ಟಿ, ಸದ್ದು ಹೋಲಿಸಿ. ಮೂಲೆಯ ಪಟ್ಟಿಗಳ ಸ್ಕ್ರೂ ನೋಡಿ. ಒಂದು ಬದಿಯ ಸ್ಕ್ರೂಗಳಿಗೆ ಮಾತ್ರ ತುಕ್ಕು ಹಿಡಿದಿದ್ದರೆ ಆ ಬದಿಯಿಂದಲೇ ನೀರು ಹೋಗುತ್ತಿದೆ.

ಒಳಗೆ ಬಂದು ನೆಲದ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯಿರಿ. ಬಾಗಿಲ ಬಳಿ, ಟಾಯ್ಲೆಟ್ ಸುತ್ತ, ಸಿಂಕಿನ ಕೆಳಗೆ, ಸ್ಲೈಡ್‌ಔಟಿನ ಮೂಲೆಯಲ್ಲಿ ಹಿಮ್ಮಡಿಯಿಂದ ಒತ್ತಿ. ಮೆತ್ತಗಿದ್ದರೆ ಅಡಿಯ ಹಲಗೆ ಕೊಳೆತಿದೆ. ಕಿಟಕಿಯ ಕೆಳಗಿನ ಎರಡು ಮೂಲೆ, ತಲೆಯ ಮೇಲಿನ ಹಾಸಿಗೆಯ ಮುಂದಿನ ಗೋಡೆ, ಹಿಂದಿನ ಮೂಲೆಗಳು, ಏಸಿ ಸುತ್ತಲಿನ ಚಾವಣಿ ಇಲ್ಲೆಲ್ಲ ಹೆಬ್ಬೆರಳಿಟ್ಟು ಒತ್ತಿ. ಹಾಸಿಗೆ ಎತ್ತಿ ಅಡಿ ನೋಡಿ. ಕಂದು ಗೆರೆ, ಬೂಸ್ಟು, ಸುಕ್ಕಾದ ವಾಲ್‌ಪೇಪರ್, ಒಂದೇ ಗೋಡೆಗೆ ಹೊಸ ಬಣ್ಣ ಏನು ಕಂಡರೂ ಕಾರಣ ಕೇಳಿ.

ತೇವದ ಮೀಟರನ್ನು ಒಂದೊಂದು ಮೂಲೆಗೂ ಇಡಿ. 15 ಶೇಕಡಾ ಒಳಗಿದ್ದರೆ ಚಿಂತೆಯಿಲ್ಲ. 15ರಿಂದ 20 ಬಂದರೆ ಅಲ್ಲಿ ಕಣ್ಣಿಡಬೇಕು. 20 ದಾಟಿದರೆ ನೀರಿನ ದಾರಿ ಹುಡುಕಬೇಕು. 30 ದಾಟಿದರೆ ಒಳಗಿನ ಮರ ಹಾಳಾಗಿರುವ ಸಾಧ್ಯತೆ ಜಾಸ್ತಿ. ಗೋಡೆಯ ಒಳಗೆ ಲೋಹ ಇದ್ದರೆ ಮೀಟರ್ ತಪ್ಪು ತೋರಿಸುತ್ತದೆ. ಹಾಗಾಗಿ ಒಂದು ಅಂಕಿ ಹಿಡಿದು ಕೂರಬೇಡಿ, ಅಕ್ಕಪಕ್ಕದ ಜಾಗಗಳೊಂದಿಗೆ ಹೋಲಿಸಿ.

ಇಲ್ಲಿ ಗಾಡಿ ಸೋತರೆ ಮುಂದಿನ ಹಂತಗಳು ಬೇಡ. ಸ್ವಲ್ಪ ಸೋರುತ್ತದೆ, ರಿಪೇರಿ ಮಾಡಿಕೊಂಡರಾಯಿತು ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಹೊರಗೆ ಕಾಣುವ ಕಲೆಗಿಂತ ಒಳಗಿನ ಹಾಳು ಯಾವಾಗಲೂ ದೊಡ್ಡದು. ಧನ್ಯವಾದ ಹೇಳಿ ಹೊರಟುಬಿಡಿ.

ಹಂತ 8: ತಳ, ಟೈರ್, ಎಂಜಿನ್

ಟೈರಿನ ಪಕ್ಕದಲ್ಲಿ ಡಾಟ್ (DOT) ಸಂಕೇತ ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು. ಆರ್‌ವಿ ಟೈರ್ ಸವೆದು ಹಾಳಾಗುವುದಕ್ಕಿಂತ ವಯಸ್ಸಾಗಿ ಹಾಳಾಗುವುದೇ ಹೆಚ್ಚು. ಐದಾರು ವರ್ಷ ದಾಟಿದ್ದರೆ ಟೈರಿನ ಮೇಲಿನ ಗಾಡಿಗಳು (ಗೀರುಗಳು) ಎಷ್ಟೇ ಆಳ ಇದ್ದರೂ ಹೊಸ ಟೈರಿನ ಖರ್ಚು ಲೆಕ್ಕ ಹಾಕಿ. ಸ್ಟೆಪ್ನಿಯದನ್ನೂ ನೋಡಿ. ಒಂದು ಅಂಚು ಮಾತ್ರ ಸವೆದಿದ್ದರೆ ಆಕ್ಸಲ್ ಬಾಗಿರಬಹುದು.

ಚಾಪೆ ಹಾಸಿ ಕೆಳಗೆ ಮಲಗಿ. ಮೇಲ್ಮೈ ತುಕ್ಕಿನ ಪುಡಿಗೆ ಹೆದರಬೇಕಿಲ್ಲ. ಪದರ ಪದರವಾಗಿ ಏಳುವ ತುಕ್ಕು, ವೆಲ್ಡಿಂಗ್ ಬಳಿ ಬಿರುಕು, ಬೆಸುಗೆ ಮೇಲೆ ಬೆಸುಗೆ ಕಂಡರೆ ಹೆದರಬೇಕು. ಫಿಫ್ತ್ ವೀಲ್ ಆದರೆ ಕೊಂಡಿಯ ಮೇಲ್ಭಾಗದ ಗೋಡೆ ಚೌಕಟ್ಟಿನಿಂದ ಬಿಟ್ಟುಕೊಂಡಿದೆಯೇ ನೋಡಿ. ಟ್ರೈಲರ್‌ಗಳ ವೀಲ್ ಬೇರಿಂಗಿಗೆ ವರ್ಷಕ್ಕೊಮ್ಮೆ ಅಥವಾ ಸುಮಾರು 20,000 ಕಿ.ಮೀ.ಗೆ ಗ್ರೀಸ್ ಹಾಕಬೇಕು ಅನ್ನುವುದು ಸಾಮಾನ್ಯ ನಿಯಮ. ಕೊನೆಗೆ ಯಾವಾಗ ಮಾಡಿಸಿದರು ಅನ್ನುವ ಬಿಲ್ ಕೇಳಿ.

ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಹಿಂದೆ ಒಬ್ಬರನ್ನು ನಿಲ್ಲಿಸಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದರೆ ಅದಕ್ಕೆ ಕಿಲೋಮೀಟರಿನ ಮಿತಿಯಷ್ಟೇ ಅಲ್ಲ, ವರ್ಷದ ಮಿತಿಯೂ ಇರುತ್ತದೆ. ನಿಂತ ಗಾಡಿಗಳಲ್ಲಿ ಇದನ್ನು ಮರೆತಿರುತ್ತಾರೆ.

ಹಂತ 9: ಕರೆಂಟ್, ಗ್ಯಾಸ್, ನೀರು

ಚಾರ್ಜರ್ ತೆಗೆದು ಸ್ವಲ್ಪ ಹೊತ್ತಾದ ಮೇಲೆ ಬ್ಯಾಟರಿಗೆ ಮಲ್ಟಿಮೀಟರ್ ಇಡಿ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ರಿಂದ 12.7 ವೋಲ್ಟ್, 12.1 ಅಂದರೆ ಅರ್ಧ ಖಾಲಿ. ಹೊರಗಿನ ಕರೆಂಟ್ ಕೊಟ್ಟಾಗ 13.6ರಿಂದ 14.4ರ ನಡುವೆ ಏರಬೇಕು. ಏರದಿದ್ದರೆ ಚಾರ್ಜರ್ ಕೆಟ್ಟಿದೆ. ಆಮೇಲೆ ಪ್ರತಿ ದೀಪ, ಪ್ರತಿ ಪ್ಲಗ್ ಪಾಯಿಂಟ್, ಪ್ರತಿ ಫ್ಯಾನ್ ಹಾಕಿ ನೋಡಿ. ಮಾಲೀಕರೇ ಎಳೆದ ವೈರಿಂಗ್ ಇದ್ದರೆ, ಫ್ಯೂಸ್ ಇಲ್ಲದೆ ಬ್ಯಾಟರಿಗೆ ನೇರ ಕಟ್ಟಿದ್ದರೆ ಅದು ಬೆಂಕಿಗೆ ದಾರಿ.

ಗ್ಯಾಸ್ ವಿಷಯದಲ್ಲಿ ರಾಜಿ ಬೇಡವೇ ಬೇಡ. ಪ್ರತಿ ಜಂಟಿಗೂ ಸೋಪಿನ ನೀರು ಹೊಡೆದು ಗುಳ್ಳೆ ಬರುತ್ತದೆಯೇ ನೋಡಿ. ರೆಗ್ಯುಲೇಟರ್, ರಬ್ಬರ್ ಪೈಪಿನ ತಾರೀಖು ಓದಿ. ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಯಂತ್ರಗಳಿಗೂ ವಯಸ್ಸಿದೆ. ಅವುಗಳ ಹಿಂಬದಿಯಲ್ಲಿ ತಾರೀಖು ಇರುತ್ತದೆ. ಬಟನ್ ಒತ್ತಿದರೆ ಕೂಗುತ್ತದೆ ಅನ್ನುವುದು ಸಾಲದು, ಅವಧಿ ಮುಗಿದಿದ್ದರೆ ಬದಲಿಸಲೇಬೇಕು.

ಗ್ಯಾಸಿನಲ್ಲಿ ಓಡುವ ಅಬ್ಸಾರ್ಪ್ಷನ್ ಫ್ರಿಜ್ಜನ್ನು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ರೂಪಿಸಿದರು. ಅದಕ್ಕೆ ಕಂಪ್ರೆಸರ್ ಇಲ್ಲ, ಅಮೋನಿಯ ಹರಿದು ತಂಪು ಮಾಡುತ್ತದೆ. ಹಾಗಾಗಿ ಗಾಡಿ ಸಮತಟ್ಟಾಗಿ ನಿಲ್ಲಬೇಕು, ತಂಪಾಗಲು ಬಹಳ ಗಂಟೆ ಬೇಕು. ಹೊರಗಿನ ಜಾಲರಿ ತೆಗೆದು ಹಿಂಭಾಗ ನೋಡಿ. ಹಳದಿ ಪುಡಿ ಅಥವಾ ಅಮೋನಿಯ ಘಾಟು ಇದ್ದರೆ ಆ ಫ್ರಿಜ್ ಮುಗಿದಂತೆ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಬೇಗ ತಂಪಾಗುತ್ತದೆ, ಆದರೆ ಒಳ್ಳೆಯ ಬ್ಯಾಟರಿ ಬೇಡುತ್ತದೆ.

ನೀರಿಗೆ ಒಂದು ಸುಲಭ ಪರೀಕ್ಷೆ ಇದೆ. ಪಂಪ್ ಹಾಕಿ, ಎಲ್ಲ ನಲ್ಲಿ ಮುಚ್ಚಿ, ಸುಮ್ನೆ ಕೂತು ಕೇಳಿ. ಒತ್ತಡ ತುಂಬಿದ ಮೇಲೆ ಪಂಪ್ ನಿಲ್ಲಬೇಕು, ನಿಂತೇ ಇರಬೇಕು. ನೀರು ಬಳಸದಿದ್ದರೂ ಆಗಾಗ ಗುರ್ ಅಂದರೆ ಎಲ್ಲೋ ಸೋರುತ್ತಿದೆ. ಚಳಿಗೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆದಿರುವುದು ಹೀಗೇ ಸಿಕ್ಕಿಬೀಳುತ್ತದೆ. ಬಿಸಿನೀರು, ಶವರ್, ಟಾಯ್ಲೆಟ್ ಎಲ್ಲ ಬಳಸಿ ನೋಡಿ. ಟ್ಯಾಂಕ್ ತುಂಬಿದೆ ಅಂತ ತೋರಿಸುವ ದೀಪಗಳು ಸುಳ್ಳು ಹೇಳುವುದು ಹೊಸ ಗಾಡಿಯಲ್ಲೂ ಇದೆ, ಅದನ್ನು ದೊಡ್ಡದು ಮಾಡಬೇಡಿ.

ಹಂತ 10: ಓಡಿಸಿ ನೋಡಿ

ಅರ್ಧ ಗಂಟೆಗೆ ಕಡಿಮೆ ಬೇಡ. ಹೆದ್ದಾರಿ, ಏರು, ಕೆಟ್ಟ ರಸ್ತೆ ಮೂರೂ ಬರಲಿ. ರೇಡಿಯೋ ಹಾಕಬೇಡಿ. ಲಾರಿ ಪಕ್ಕದಲ್ಲಿ ಹೋದಾಗ ಎಷ್ಟು ಎಳೆಯುತ್ತದೆ, ಬ್ರೇಕ್ ಹಾಕಿದಾಗ ಒಂದು ಕಡೆಗೆ ವಾಲುತ್ತದೆಯೇ ಗಮನಿಸಿ. ಟ್ರೈಲರ್ ಆದರೆ ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಹಬ್ (ನಡುಭಾಗ) ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ.

ಹಂತ 11: ಇನ್ನೊಬ್ಬರ ಕಣ್ಣು, ಆಮೇಲೆ ಕಾಗದ

ಗಾಡಿ ಇಷ್ಟವಾದ ಮೇಲೆ ನಮ್ಮ ಕಣ್ಣು ಮೆತ್ತಗಾಗುತ್ತದೆ. ಅದಕ್ಕೇ ಹಣ ಕೊಡುವ ಮೊದಲು ಸ್ವತಂತ್ರ ತಪಾಸಕರನ್ನು ಕರೆಸಿ. ಮಾರುವವರು ತೋರಿಸಿದ ತಪಾಸಕರು ಬೇಡ, ನೀವೇ ಹುಡುಕಿ. ಮುಂಗಡ ಕೊಡುವುದಾದರೆ, ತಪಾಸಣೆಯಲ್ಲಿ ಸೋತರೆ ಹಣ ವಾಪಸ್ ಅಂತ ಬರೆಸಿಕೊಳ್ಳಿ. ತಪಾಸಣೆಗೆ ಒಪ್ಪದ ಮಾಲೀಕರ ಹತ್ತಿರ ಮಾತು ಮುಂದುವರಿಸುವ ಅಗತ್ಯವಿಲ್ಲ.

ವಾರಂಟಿ ಪತ್ರದಲ್ಲಿ ಚಾಸಿಗೆ ಬೇರೆ ಅವಧಿ, ಮನೆ ಭಾಗಕ್ಕೆ ಬೇರೆ ಅವಧಿ ಇರುತ್ತದೆ. ನೀರಿನ ಸೋರಿಕೆಗೆ ಎಷ್ಟು ವರ್ಷ ಹೊಣೆ ಹೊರುತ್ತಾರೆ, ಅದಕ್ಕೆ ವರ್ಷಕ್ಕೊಮ್ಮೆ ಅವರಲ್ಲೇ ತೇವ ಪರೀಕ್ಷೆ ಮಾಡಿಸಬೇಕೆಂಬ ಷರತ್ತು ಇದೆಯೇ ಓದಿ. ಒಂದು ಸಲ ತಪ್ಪಿಸಿದರೂ ವಾರಂಟಿ ರದ್ದಾಗುವುದುಂಟು. ಹೆಚ್ಚುವರಿ ವಾರಂಟಿ ಮಾರಲು ಬಂದರೆ ಏನೇನು ಸೇರಿದೆ ಎಂಬ ಪಟ್ಟಿಗಿಂತ ಏನೇನು ಸೇರಿಲ್ಲ ಎಂಬ ಪಟ್ಟಿ ಕೇಳಿ.

ಹಂತ 12: ಕೈಗೆ ಬಂದ ದಿನ ಮತ್ತು ಮೊದಲ ರಾತ್ರಿಗಳು

ಹೊಸ ಗಾಡಿಯಾದರೆ ಕೈಗೆ ತೆಗೆದುಕೊಳ್ಳುವ ದಿನ ಮೂರು ನಾಲ್ಕು ಗಂಟೆ ಇಟ್ಟುಕೊಳ್ಳಿ. ಏಳು, ಎಂಟು, ಒಂಬತ್ತನೇ ಹಂತದ್ದೆಲ್ಲ ಮತ್ತೆ ಮಾಡಿ. ಸಿಕ್ಕ ದೋಷಗಳನ್ನು ಸರಿ ಮಾಡಿದ ಮೇಲೆಯೇ ಬಾಕಿ ಹಣ ಕೊಡಿ, ಸಹಿ ಹಾಕಿ. ಹಣ ಹೋದಮೇಲೆ ವರ್ಕ್‌ಶಾಪಿನ ಸರತಿಯಲ್ಲಿ ನೀವೂ ಒಬ್ಬರು, ಅಷ್ಟೇ.

ಮೊದಲ ಒಂದೆರಡು ರಾತ್ರಿ ಡೀಲರ್ ಅಥವಾ ಮನೆ ಹತ್ತಿರವೇ ಗಾಡಿಯಲ್ಲಿ ಮಲಗಿ. ಅಡುಗೆ ಮಾಡಿ, ಸ್ನಾನ ಮಾಡಿ, ಹೀಟರ್ ರಾತ್ರಿಯಿಡೀ ಓಡಿಸಿ, ಟ್ಯಾಂಕ್ ಖಾಲಿ ಮಾಡಿ. ಕಂಡದ್ದನ್ನೆಲ್ಲ ಬರೆದು, ಫೋಟೋ ತೆಗೆದು, ವಾರಂಟಿಗೆ ಬರಹದಲ್ಲೇ ಕಳಿಸಿ. ಚಕ್ರ ಬಿಚ್ಚಿ ಹಾಕಿದ್ದರೆ ಅಥವಾ ಟ್ರೈಲರ್ ಹೊಸದಾಗಿದ್ದರೆ ಮೊದಲ 80 ಕಿ.ಮೀ. ಆದಮೇಲೆ ಒಮ್ಮೆ, 160 ಕಿ.ಮೀ. ಆದಮೇಲೆ ಮತ್ತೊಮ್ಮೆ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಬಿಗಿ ಮಾಡಿ. ಬಿಗಿಯ ಅಳತೆ ಗಾಡಿಯ ಕೈಪಿಡಿಯಲ್ಲಿ ಇರುತ್ತದೆ.